ಮ್ಯಾಕಿಯವೆಲ್ಲಿಯ ಫ್ಲಾರೆನ್ಸ್

ರಾಜಕಾರಣದ ಕುಟಿಲತೆಗೆ ಇನ್ನೊಂದು ಹೆಸರೆಂಬಂತೆ ಮ್ಯಾಕಿಯವೆಲ್ಲಿಯ ಹೆಸರನ್ನು ಬಳಸುವುದುಂಟು. ಆದರೆ ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಆತ ಬಾಳಿ ದುಡಿದ ಜಾಗಗಳ ಜಾಡು ಹಿಡಿದು ಹೊರಟರೆ ಎದುರಾಗುವ ವ್ಯಕ್ತಿಯೇ ಬೇರೆ. ಆತ ಅರಸನಲ್ಲ, ಅರಸನ ಮಂತ್ರಿಯೂ ಅಲ್ಲ. ಗಣರಾಜ್ಯವೊಂದರ ನಿಷ್ಠಾವಂತ ಅಧಿಕಾರಿ.

ಅರ್ನೋ ನದಿಯ ದಂಡೆಯ ಈ ನಗರ ಉಣ್ಣೆ, ರೇಷ್ಮೆ ಮತ್ತು ಲೇವಾದೇವಿಯಿಂದ ಸಿರಿವಂತವಾಗಿತ್ತು. ನಿಕೊಲೊ ಮ್ಯಾಕಿಯವೆಲ್ಲಿ ಹುಟ್ಟಿದ್ದು 1469ರ ಮೇ 3ರಂದು. ಆಗ ಫ್ಲಾರೆನ್ಸ್ ಹೆಸರಿಗಷ್ಟೇ ಗಣರಾಜ್ಯ. ನಡೆಯುತ್ತಿದ್ದುದು ಬ್ಯಾಂಕ್ ವ್ಯವಹಾರದಿಂದ ಮೇಲೆ ಬಂದ ಮೆಡಿಚಿ ಮನೆತನದ ಮಾತು. 1494ರಲ್ಲಿ ಫ್ರಾನ್ಸಿನ ದೊರೆ ದಂಡೆತ್ತಿ ಬಂದಾಗ ಜನರು ಈ ಮನೆತನವನ್ನು ಹೊರಗಟ್ಟಿದರು. ಅನಂತರ ಕೆಲಕಾಲ ಸವೊನರೋಲ ಎಂಬ ಸಂನ್ಯಾಸಿಯ ಪ್ರವಚನಗಳೇ ನಗರವನ್ನು ನಡೆಸಿದವು.

ನಗರದ ನಡುವಿನ ಸಿನ್ಯೊರಿಯಾ ಚೌಕದಲ್ಲಿ ಇಂದಿಗೂ ದುಂಡನೆಯ ಕಲ್ಲಿನ ಫಲಕವೊಂದಿದೆ. 1498ರ ಮೇ 23ರಂದು ಸವೊನರೋಲನನ್ನು ಗಲ್ಲಿಗೇರಿಸಿ ಸುಟ್ಟ ಜಾಗವದು. ಇದಾದ ಕೆಲವೇ ವಾರಗಳಲ್ಲಿ, ಅದೇ ಚೌಕದ ಅಂಚಿನಲ್ಲಿರುವ ಗೋಪುರದ ಅರಮನೆಯಲ್ಲಿ 29ರ ಹರೆಯದ ಮ್ಯಾಕಿಯವೆಲ್ಲಿ ಸರ್ಕಾರದ ಕಾರ್ಯದರ್ಶಿಯಾದ. ಆಯುಧಬಲವಿಲ್ಲದ ಪ್ರವಾದಿಗೆ ಉಳಿವಿಲ್ಲ ಎಂದು ಮುಂದೆ ವಾದಿಸಿದಾಗ ಆತ ಕೊಟ್ಟ ನಿದರ್ಶನ ಸವೊನರೋಲನದೇ.

ಫ್ಲಾರೆನ್ಸ್‌ನ ದೊಡ್ಡ ದೌರ್ಬಲ್ಯ ಬಾಡಿಗೆ ಸೈನಿಕರು. ಸಂಬಳ ಪಡೆದರೂ ಸಾಯಲು ಸಿದ್ಧರಿಲ್ಲದ ಅವರಿಂದ, ಕೈತಪ್ಪಿದ್ದ ಪೀಸಾ ನಗರವನ್ನು ಗೆಲ್ಲಲಾಗಲಿಲ್ಲ. ರಾಜ್ಯದ ಹಳ್ಳಿಗರಿಂದಲೇ ಪಡೆ ಕಟ್ಟಬೇಕೆಂದು ಮ್ಯಾಕಿಯವೆಲ್ಲಿ ಹಟ ಹಿಡಿದ. 1506ರಲ್ಲಿ ಆ ಪಡೆ ಇದೇ ಚೌಕದಲ್ಲಿ ಕವಾಯತು ನಡೆಸಿತು. ಎರಡು ವರ್ಷ ಮೊದಲೇ ಅಲ್ಲಿ ನಿಲ್ಲಿಸಿದ್ದ ಮೈಕೆಲೆಂಜೆಲೊನ ಡೇವಿಡ್ ವಿಗ್ರಹ ಅದಕ್ಕೆ ಸಾಕ್ಷಿಯಾಗಿತ್ತು. 1509ರಲ್ಲಿ ಪೀಸಾ ಶರಣಾಯಿತು. ಆದರೆ 1512ರಲ್ಲಿ ನೆರೆಯ ಪ್ರಾಟೊದಲ್ಲಿ ಸ್ಪೇನಿನ ಪಳಗಿದ ಸೈನ್ಯದೆದುರು ಈ ಪಡೆ ಚದುರಿಹೋಯಿತು. ಮೆಡಿಚಿಗಳು ಮರಳಿದರು, ಮ್ಯಾಕಿಯವೆಲ್ಲಿ ಕೆಲಸ ಕಳೆದುಕೊಂಡ.

ಮರುವರ್ಷ ಸಂಚಿನ ಶಂಕೆಯ ಮೇಲೆ ಆತನನ್ನು ಸೆರೆಹಿಡಿದು, ಕೈಗಳನ್ನು ಬೆನ್ನ ಹಿಂದೆ ಕಟ್ಟಿ ಹಗ್ಗದಿಂದ ತೂಗುಹಾಕಿ ಹಿಂಸಿಸಿದರು. ಮೆಡಿಚಿ ಮನೆಯವನೇ ಪೋಪ್ ಆದ ಸಂಭ್ರಮದಲ್ಲಿ ಬಿಡುಗಡೆ ದೊರೆಯಿತು. ನಗರದ ದಕ್ಷಿಣಕ್ಕಿರುವ ಸಾಂತ್ ಆಂದ್ರೆಯಾ ಎಂಬ ಹಳ್ಳಿಯ ತೋಟದಮನೆ ಸೇರಿದ. ಹಗಲೆಲ್ಲ ಹೋಟೆಲಿನಲ್ಲಿ ಕಟುಕ, ಗಿರಣಿಯವರೊಂದಿಗೆ ಇಸ್ಪೀಟು. ಸಂಜೆ ಕೆಸರಾದ ಬಟ್ಟೆ ಕಳಚಿ, ಆಸ್ಥಾನದ ಉಡುಪು ತೊಟ್ಟು ಪ್ರಾಚೀನರ ಗ್ರಂಥಗಳೊಂದಿಗೆ ಸಂವಾದ. 1513ರ ಡಿಸೆಂಬರ್ 10ರಂದು ಗೆಳೆಯನಿಗೆ ಬರೆದ ಪತ್ರದಲ್ಲಿ ಆತನೇ ಹೇಳಿಕೊಂಡ ದಿನಚರಿಯಿದು. ‘ದಿ ಪ್ರಿನ್ಸ್’ ಹುಟ್ಟಿದ್ದು ಈ ಬಿಡುವಿನಲ್ಲಿ. ಅರಸನಿಗೆ ಆತ ಹೇಳಿದ ನಿಷ್ಠುರ ಬುದ್ಧಿಮಾತಿನ ಹಿಂದೆ, ಬಲವಿಲ್ಲದ ಗಣರಾಜ್ಯ ಕಣ್ಣೆದುರೇ ಕುಸಿದ ಅನುಭವವಿದೆ.

ಕೃತಿಯನ್ನು ಮೆಡಿಚಿ ಕುಡಿಯೊಬ್ಬನಿಗೆ ಅರ್ಪಿಸಿದರೂ ಹಳೆಯ ಹುದ್ದೆ ಮರಳಲಿಲ್ಲ. ಬಹುಕಾಲದ ನಂತರ ಸಿಕ್ಕಿದ್ದು ನಗರದ ಇತಿಹಾಸ ಬರೆಯುವ ಕೆಲಸ. ಅದೇ ಕೊನೆಗೆ ತೊಡಕಾಯಿತು. 1527ರ ಮೇ ತಿಂಗಳಲ್ಲಿ ಮೆಡಿಚಿಗಳನ್ನು ಮತ್ತೆ ಓಡಿಸಿದ ಗಣರಾಜ್ಯ, ಆತನನ್ನು ಮೆಡಿಚಿಗಳ ಕಡೆಯವನೆಂದು ದೂರವಿಟ್ಟಿತು. ಜೂನ್ 21ರಂದು ಆತ ತೀರಿಕೊಂಡ. ‘ದಿ ಪ್ರಿನ್ಸ್’ ಅಚ್ಚಾದದ್ದು 1532ರಲ್ಲಿ. 1559ರಲ್ಲಿ ಚರ್ಚು ಅದನ್ನು ನಿಷೇಧಿಸಿತು.

ಸಾಂತಾ ಕ್ರೋಚೆ ಚರ್ಚಿನಲ್ಲಿ ಆತನ ಸ್ಮಾರಕ ಎದ್ದದ್ದು 1787ರಲ್ಲಿ. ಈ ಹೆಸರಿಗೆ ಸರಿಸಾಟಿಯಾದ ಹೊಗಳಿಕೆಯೇ ಇಲ್ಲ ಎಂಬರ್ಥದ ಲ್ಯಾಟಿನ್ ಸಾಲು ಅದರ ಮೇಲಿದೆ. ತನ್ನ ಸೇವಕನನ್ನು ಗೌರವಿಸಲು ಫ್ಲಾರೆನ್ಸ್ 260 ವರ್ಷ ತೆಗೆದುಕೊಂಡಿತು. ಜಗತ್ತಿನ ಬಾಯಲ್ಲಿ ಆ ಹೆಸರು ಇಂದಿಗೂ ಬೈಗುಳವಾಗಿಯೇ ಉಳಿದಿದೆ.