ಅನೇಕರ ತಂದೆ: ಗುಬ್ಬಿ ತೋಟದಪ್ಪನವರು

ತುಮಕೂರು ಸೀಮೆಯ ಗುಬ್ಬಿಯಲ್ಲಿ 1838ರಲ್ಲಿ ಲಿಂಗವಂತ ಮನೆತನದಲ್ಲಿ ಜನ್ಮವೆತ್ತಿ, ಬೆಂಗಳೂರಿನ ಮಾಮೂಲುಪೇಟೆಯಲ್ಲಿ ವ್ಯಾಪಾರದಿಂದ ಶ್ರೀಮಂತರಾದ ತೋಟದಪ್ಪನವರಿಗೆ ಸಂತಾನಭಾಗ್ಯವೊಂದು ಒದಗಲಿಲ್ಲ. ಇಂತಹವರು ದತ್ತು ಸ್ವೀಕರಿಸುವುದು ಲೋಕರೂಢಿಯಷ್ಟೆ. ಇವರಾದರೋ ಪರಸ್ಥಳದಿಂದ ಬಂದ ಪಯಣಿಗರಿಗೂ ಓದಲು ಬಂದ ಹುಡುಗರಿಗೂ ತಂದೆಯಾಗಲೆಳಸಿದರು. 1897ರಲ್ಲಿ ರೈಲು ನಿಲ್ದಾಣದ ಸಮೀಪದಲ್ಲಿ ಎರಡೂವರೆ ಎಕರೆ ನೆಲವನ್ನು ಕೊಂಡು, ಧರ್ಮಛತ್ರವನ್ನೂ ಉಚಿತ ವಿದ್ಯಾರ್ಥಿನಿಲಯವನ್ನೂ ಕಟ್ಟಿಸತೊಡಗಿದರು. ಸ್ಥಳದ ಆಯ್ಕೆಯಲ್ಲಿಯೇ ನುರಿತ ವರ್ತಕರ ಕಣ್ಣು ಕಾಣುವುದು: ರೈಲಿನಿಂದಿಳಿದವನು ಗಂಟು ಹೊತ್ತು ಅಲೆಯಬೇಕಾಗಿಲ್ಲ! 1903ರಲ್ಲಿ ಶ್ರೀಮನ್ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರವರು ಛತ್ರದ ಪ್ರಾರಂಭೋತ್ಸವವನ್ನು ನೆರವೇರಿಸಿದರು. ರಾವ್ ಬಹದ್ದೂರ್, ಧರ್ಮಪ್ರವರ್ತ ಎಂಬ ಬಿರುದುಗಳು ಬಂದವು. ಬಿರುದಿಗಿಂತ ಮಿಗಿಲಾದುದು ಅವರ ಕೊನೆಯ ನಿರ್ಧಾರ. ಗಳಿಸಿದ ಆಸ್ತಿಯೆಲ್ಲವನ್ನೂ ಧರ್ಮಸಂಸ್ಥೆಗೆ ಬಿಟ್ಟುಕೊಟ್ಟು, ಕೆ. ಪಿ. ಪುಟ್ಟಣ್ಣಚೆಟ್ಟರನ್ನು ಅದರ ಮೊದಲ ಅಧ್ಯಕ್ಷರನ್ನಾಗಿ ನೇಮಿಸಿ, 1910ರಲ್ಲಿ ಲಿಂಗೈಕ್ಯರಾದರು. ನಿಲ್ದಾಣದೆದುರಿನ ಆ ರಸ್ತೆಯನ್ನು ಜನರು ಇಂದಿಗೂ ಅವರ ಹೆಸರಿನಿಂದಲೇ ಕರೆಯುತ್ತಾರೆ.