ಪುನರ್ಯೋಜನೆ: ಪುನ್ನಾಟದಿಂದ ಕಪ್ಪಡಿಯವರೆಗೆ

ಒಬ್ಬರು ಹಾಡಿದುದನ್ನು ಮತ್ತೊಬ್ಬರು ಬಿಡಿಸಿ, ಅದರ ಅಂಗಗಳನ್ನು ಬೇರೆ ಕ್ರಮದಲ್ಲಿ ಕೂಡಿಸಿ, ಹೊಸ ಕೇಳುಗರ ಮುಂದೆ ಇಡುವ ಪದ್ಧತಿಗೆ ಸಂಗೀತವ್ಯವಹಾರದಲ್ಲಿ ಈಗ ‘ರೀಮಿಕ್ಸ್’ ಎಂಬ ಹೆಸರು ರೂಢಿಯಾಗಿದೆ. ಹೆಸರು ಈಚಿನದು, ಅದನ್ನು ಸಾಧ್ಯಗೊಳಿಸಿದ ಯಂತ್ರಗಳೂ ಈಚಿನವು. ೧೯೬೦ರ ದಶಕದ ಕೊನೆಯಲ್ಲಿ ಜಮೈಕಾ ದ್ವೀಪದ ಧ್ವನಿಮುದ್ರಣ ಶಾಲೆಗಳಲ್ಲಿ ಕಿಂಗ್ ಟಬಿ ಮೊದಲಾದವರು ಹಾಡಿನ ಮುದ್ರಿಕೆಯಿಂದ ಕಂಠಭಾಗವನ್ನು ತೆಗೆದು, ಉಳಿದ ವಾದ್ಯಭಾಗವನ್ನು ಏರಿಸಿ ಇಳಿಸಿ ಮತ್ತೊಂದು ಕೃತಿಯನ್ನಾಗಿ ಮಾಡಿದರು. ೧೯೭೦ರ ದಶಕದ ಆರಂಭದಲ್ಲಿ ನ್ಯೂಯಾರ್ಕಿನ ಟಾಮ್ ಮೌಲ್ಟನ್ ಕುಣಿಯುವವರ ಅನುಕೂಲಕ್ಕಾಗಿ ಕಿರಿದಾದ ಹಾಡನ್ನು ಹಿರಿದಾಗಿ ಬೆಳೆಯಿಸಿದನು. ಕಂಠ, ತಾಳ, ತಂತಿಗಳನ್ನು ಬೇರೆ ಬೇರೆ ಪಟ್ಟಿಗಳಲ್ಲಿ ಮುದ್ರಿಸುವ ಸೌಕರ್ಯವಿಲ್ಲದಿದ್ದರೆ ಈ ಕೆಲಸ ನಡೆಯುತ್ತಿರಲಿಲ್ಲ. ಆದರೆ ಯಂತ್ರವು ಈ ವ್ಯಾಪಾರದ ಉಪಕರಣವೇ ಹೊರತು ಅದರ ಮೂಲವಲ್ಲ. ಇದನ್ನು ಕನ್ನಡದಲ್ಲಿ ‘ಪುನರ್ಯೋಜನೆ’ ಎಂದು ಕರೆಯಬಹುದು. ಮೈಸೂರು ಸೀಮೆಯ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ಸಾಹಿತ್ಯಚರಿತ್ರೆಯನ್ನು ಒಟ್ಟಾಗಿ ನೋಡಿದರೆ, ಈ ವ್ಯಾಪಾರವು ಅಲ್ಲಿ ಸಾವಿರ ವರ್ಷಕ್ಕೂ ಹಿಂದಿನಿಂದ ನಡೆದುಬಂದಿರುವುದೆಂದೂ, ಅದಕ್ಕೆ ತನ್ನದೇ ಆದ ಅರ್ಥವೂ ಪ್ರಯೋಜನವೂ ಉಂಟೆಂದೂ ತಿಳಿದುಬರುತ್ತದೆ.

ಮೊದಲು ಲಕ್ಷಣವನ್ನು ನಿಶ್ಚಯಿಸಿಕೊಳ್ಳುವುದು ಯುಕ್ತ. ಒಂದು ಕೃತಿ ಮತ್ತೊಂದನ್ನು ಹೋಲುವ ಬಗೆಯನ್ನು ನಮ್ಮ ಆಲಂಕಾರಿಕರು ವಿಸ್ತಾರವಾಗಿ ವಿಚಾರಿಸಿದ್ದಾರೆ. ಆನಂದವರ್ಧನನು ಧ್ವನ್ಯಾಲೋಕದ ನಾಲ್ಕನೆಯ ಉದ್ದ್ಯೋತದಲ್ಲಿ ಹೋಲಿಕೆಯನ್ನು ಮೂರಾಗಿ ವಿಂಗಡಿಸುತ್ತಾನೆ: ಕನ್ನಡಿಯ ಪ್ರತಿಬಿಂಬದಂಥದು, ಚಿತ್ರದಂಥದು, ಒಬ್ಬ ದೇಹಿಯನ್ನು ಮತ್ತೊಬ್ಬ ದೇಹಿ ಹೋಲುವಂಥದು. ಮೊದಲಿನೆರಡನ್ನು ಕವಿ ಬಿಡಬೇಕೆಂದೂ ಮೂರನೆಯದನ್ನು ಬಿಡಬೇಕಾಗಿಲ್ಲವೆಂದೂ ಅವನ ಮತ. ಕ್ರಿ. ಶ. ೯೦೦ರ ಸುಮಾರಿನ ರಾಜಶೇಖರನು ಕಾವ್ಯಮೀಮಾಂಸೆಯಲ್ಲಿ ಇವುಗಳಿಗೆ ‘ಪರಪುರಪ್ರವೇಶಸದೃಶ’ವೆಂಬ ನಾಲ್ಕನೆಯದನ್ನು ಸೇರಿಸುತ್ತಾನೆ, ಮೂಲವು ಒಂದೇ ಆಗಿದ್ದು ಪರಿಕರಬಂಧವೆಲ್ಲ ದೂರದಿಂದಲೇ ಬೇರೆಯಾಗಿ ತೋರುವುದು ಇದರ ಗುಣ. ಈ ವಿಭಾಗವನ್ನು ಹಿಡಿದು ನೋಡಿದರೆ ನಕಲು ಪ್ರತಿಬಿಂಬದ ವರ್ಗಕ್ಕೂ, ಅಲ್ಪಸ್ವಲ್ಪ ತಿದ್ದಿದ ಅನುಕರಣ ಚಿತ್ರದ ವರ್ಗಕ್ಕೂ ಸೇರುತ್ತವೆ. ಪುನರ್ಯೋಜನೆ ಎನಿಸಿಕೊಳ್ಳತಕ್ಕದ್ದು ಕಡೆಯ ಎರಡು ವರ್ಗಗಳಲ್ಲಿಯೇ. ಅದಕ್ಕೆ ಮೂರು ಗುರುತುಗಳುಂಟು. ಹಳೆಯ ವಸ್ತುವು ಕೇಳುಗನಿಗೆ ಗುರುತು ಸಿಕ್ಕಬೇಕು. ಅದರ ಅಂಗಗಳು ಬಿಡಿಸಲ್ಪಟ್ಟು ಬೇರೊಂದು ಕ್ರಮದಲ್ಲಿ ಕೂಡಿರಬೇಕು. ಆ ಕೂಡುವಿಕೆಯಿಂದ ಮೊದಲಿಲ್ಲದ ಪ್ರಯೋಜನವೊಂದು ಸಿದ್ಧಿಸಬೇಕು.

ಹೆಗ್ಗಡದೇವನಕೋಟೆಯ ಸೀಮೆ ಪ್ರಾಚೀನ ಪುನ್ನಾಟ ರಾಜ್ಯದ ಹೃದಯವಾಗಿತ್ತು. ಟಾಲೆಮಿಯ ಭೂಗೋಳದಲ್ಲಿಯೂ ವೈಡೂರ್ಯ ದೊರೆಯುವ ನೆಲೆಯೆಂದು ಪುನ್ನಾಟದ ಹೆಸರು ಬಂದಿದೆ. ಕಪಿನಿಯ ದಡದಲ್ಲಿದ್ದ ಅದರ ರಾಜಧಾನಿ ಕೀರ್ತಿಪುರವೇ ಕಿತ್ತೂರು. ಆ ಹಳೆಯ ಊರು ೧೯೭೦ರ ದಶಕದಲ್ಲಿ ಕಬಿನಿ ಜಲಾಶಯದ ಹಿನ್ನೀರಿನಲ್ಲಿ ಮುಳುಗಿತು. ಈ ನಾಡಿನ ಹೆಸರನ್ನು ಹೊತ್ತ ಪುನ್ನಾಟ ಸಂಘವೆಂಬ ಜೈನ ಯತಿಗಳ ಸಂಘವೊಂದು ಪಶ್ಚಿಮ ಭಾರತಕ್ಕೆ ಹೋಗಿ ನೆಲಸಿತು. ಆ ಸಂಘದ ಜಿನಸೇನನು ಶಕ ೭೦೫ರಲ್ಲಿ, ಎಂದರೆ ಕ್ರಿ. ಶ. ೭೮೩ರಲ್ಲಿ, ವರ್ಧಮಾನಪುರದಲ್ಲಿ ಸಂಸ್ಕೃತ ಹರಿವಂಶಪುರಾಣವನ್ನು ರಚಿಸಿದನು. ಅದೇ ಸಂಘದ ಹರಿಷೇಣನು ಹತ್ತನೆಯ ಶತಮಾನದಲ್ಲಿ, ಆರಾಧನೆಯ ಪರಂಪರೆಗೆ ಸೇರಿದ ೧೫೭ ಕಥೆಗಳನ್ನು ಬೃಹತ್ಕಥಾಕೋಶದಲ್ಲಿ ಒಟ್ಟುಗೂಡಿಸಿದನು. ಹರಿವಂಶವು ಪುನರ್ಯೋಜನೆಗೆ ಒಳ್ಳೆಯ ನಿದರ್ಶನ. ಕೃಷ್ಣನೂ ಪಾಂಡವರೂ ಅಲ್ಲಿ ಇದ್ದಾರೆ, ಯುದ್ಧವೂ ಇದೆ. ಆದರೆ ಕಥೆಯ ಕೇಂದ್ರದಲ್ಲಿ ಕೃಷ್ಣನ ದಾಯಾದಿಯಾದ ನೇಮಿನಾಥನು ಬಂದು ನಿಲ್ಲುವುದರಿಂದ, ಗೆಲವಿನ ಕಥೆಯು ವೈರಾಗ್ಯದ ಕಥೆಯಾಗಿ ಪರಿಣಮಿಸುತ್ತದೆ. ವಸ್ತುವಿನ ಭಾಗಗಳು ಅವೇ. ಒತ್ತು ಬಿದ್ದಿರುವ ಸ್ಥಾನ ಮಾತ್ರ ಬೇರೆ.

ನೇಮಿನಾಥನ ಕಥೆ ಏಳು ಶತಮಾನಗಳ ತರುವಾಯ ಅದೇ ಸೀಮೆಯಲ್ಲಿ ಮತ್ತೊಂದು ರೂಪವನ್ನು ತಾಳಿತು. ಈಗಿನ ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ಪ್ರಭುಮನೆತನದವನೂ ಚಂಗಾಳ್ವರ ಆಶ್ರಯದಲ್ಲಿದ್ದವನೂ ಆದ ಮೂರನೆಯ ಮಂಗರಸನು ಹದಿನಾರನೆಯ ಶತಮಾನದ ಆರಂಭದಲ್ಲಿ ನೇಮಿಜಿನೇಶಸಂಗತಿಯನ್ನು ಬರೆದನು. ಅದಕ್ಕೆ ಮುಂಚೆ ಹನ್ನೆರಡನೆಯ ಶತಮಾನದಲ್ಲಿ ಕರ್ಣಪಾರ್ಯ, ನೇಮಿಚಂದ್ರರು ಈ ಕಥೆಯನ್ನು ಚಂಪುವಿನಲ್ಲಿ ಹೇಳಿದ್ದರು. ಮಂಗರಸನು ಆರಿಸಿಕೊಂಡದ್ದು ಸಾಂಗತ್ಯವನ್ನು. ವಿಷಮಪಾದಗಳಲ್ಲಿ ನಾಲ್ಕು ವಿಷ್ಣುಗಣ, ಸಮಪಾದಗಳಲ್ಲಿ ಎರಡು ವಿಷ್ಣುಗಣ ಮತ್ತು ಒಂದು ಬ್ರಹ್ಮಗಣ ಬರುವ ಈ ಛಂದಸ್ಸು ಹಾಡಿಗೆಂದೇ ಹುಟ್ಟಿದುದು. ಇದಕ್ಕೆ ಇಂಥದೇ ರಾಗವೆಂಬ ಕಟ್ಟಿಲ್ಲ. ಹಾಡುವವನು ಸಂದರ್ಭವನ್ನೂ ರಸವನ್ನೂ ನೋಡಿ ಧಾಟಿಯನ್ನು ಹೊಂದಿಸಿಕೊಳ್ಳುತ್ತಾನೆ. ಪಂಡಿತನ ಓದಿಗೆ ಒಪ್ಪುವ ವೃತ್ತಗಳಿಂದ ಕಥೆಯನ್ನು ಬಿಡಿಸಿ ಮನೆಯ ಜಗಲಿಯ ಹಾಡಿಗೆ ಒಪ್ಪಿಸಿದುದೇ ಇಲ್ಲಿ ನಡೆದ ಪುನರ್ಯೋಜನೆ. ಇದು ಆನಂದವರ್ಧನನ ತುಲ್ಯದೇಹಿ: ಮುಖದ ಚರ್ಯೆ ಒಂದೇ, ಉಸಿರು ಬೇರೆ.

ಮಂಗರಸನ ಇತರ ಕೃತಿಗಳೂ ಇದೇ ಮಾರ್ಗವನ್ನು ತೋರಿಸುತ್ತವೆ. ಜಯನೃಪಕಾವ್ಯದಲ್ಲಿ ಅವನು ಆದಿಪುರಾಣದ ಅಂಗವಾಗಿದ್ದ ಜಯಕುಮಾರ-ಸುಲೋಚನೆಯರ ಕಥೆಯನ್ನು ಅಲ್ಲಿಂದ ಬಿಡಿಸಿ, ತನ್ನಷ್ಟಕ್ಕೆ ನಿಲ್ಲುವ ಷಟ್ಪದೀಕಾವ್ಯವನ್ನಾಗಿ ಬೆಳೆಯಿಸಿದ್ದಾನೆ. ಕಿರಿದನ್ನು ಹಿರಿದುಮಾಡುವ ಕೆಲಸ ನ್ಯೂಯಾರ್ಕಿನಲ್ಲಿ ಹುಟ್ಟಿದುದಲ್ಲವೆಂಬುದಕ್ಕೆ ಇದು ಸಾಕ್ಷಿ. ಸೂಪಶಾಸ್ತ್ರದಲ್ಲಿ ಅಡಿಗೆಯ ಶಾಸ್ತ್ರವನ್ನು ಪದ್ಯಕ್ಕೆ ತಂದಿರುವುದರಿಂದ ಈ ಪದ್ಧತಿಯು ಕಥೆಗೆ ಮಾತ್ರ ಮೀಸಲಾಗಿರಲಿಲ್ಲವೆಂದು ತಿಳಿಯುತ್ತದೆ. ೧೫೦೯ರ ಸುಮಾರಿನ ಸಮ್ಯಕ್ತ್ವಕೌಮುದಿಯಂತೂ ಪುನರ್ಯೋಜನೆಯನ್ನೇ ಕಥೆಯ ಒಳಗೆ ವಿಷಯವನ್ನಾಗಿ ಮಾಡಿಕೊಂಡಿದೆ. ಕೌಮುದೀ ಉತ್ಸವದ ರಾತ್ರಿ ಅರ್ಹದ್ದಾಸನೆಂಬ ಸೆಟ್ಟಿಯೂ ಅವನ ಹೆಂಡಿರೂ ತಮಗೆ ಧರ್ಮದಲ್ಲಿ ನಂಬಿಕೆ ಬಂದ ಬಗೆಯನ್ನು ಒಂದೊಂದು ಕಥೆಯಾಗಿ ಹೇಳುತ್ತಾರೆ. ಅರಸ, ಮಂತ್ರಿ, ಕಳ್ಳ ಈ ಮೂವರು ಮರೆಯಲ್ಲಿ ನಿಂತು ಕೇಳುತ್ತಾರೆ. ಎಲ್ಲರೂ ಪ್ರತಿಯೊಂದು ಕಥೆಯನ್ನು ನಿಜವೆಂದು ಒಪ್ಪುವಾಗ ಕುಂದಲತೆಯೊಬ್ಬಳು ಒಪ್ಪುವುದಿಲ್ಲ; ಕಡೆಯಲ್ಲಿ ದೃಢವಾದ ವೈರಾಗ್ಯವನ್ನು ತೋರಿಸುವವಳೂ ಅವಳೇ. ಹಳೆಯ ಕಥೆಗಳನ್ನು ಹೊಸ ಹೆಣಿಗೆಯಲ್ಲಿ ಕೂಡಿಸುವುದರ ಪ್ರಯೋಜನವು ಇಲ್ಲಿ ಸ್ಪಷ್ಟವಾಗಿದೆ. ಕೇಳಿದುದನ್ನೆಲ್ಲ ತಲೆದೂಗಿ ಒಪ್ಪುವುದಕ್ಕಿಂತ, ಕೇಳಿ ತೂಗಿ ನಡೆಯುವುದು ಮೇಲೆಂಬ ಅರ್ಥವು ಬಿಡಿಕಥೆಗಳಲ್ಲಿ ಯಾವುದರಲ್ಲಿಯೂ ಇಲ್ಲ. ಅವುಗಳನ್ನು ಕೂಡಿಸಿದ ಕ್ರಮದಲ್ಲಿ ಇದೆ.

ನಂಜರಾಯಪಟ್ಟಣ, ಪಿರಿಯಾಪಟ್ಟಣಗಳಿಂದ ಆಳಿದ ಚಂಗಾಳ್ವ ವಂಶಕ್ಕೇ ಸೇರಿದ ನಂಜುಂಡನು ೧೫೨೫ರ ಸುಮಾರಿನಲ್ಲಿ ರಚಿಸಿದ ರಾಮನಾಥಚರಿತೆ ಮತ್ತೊಂದು ಬಗೆಯದು. ೧೩೨೭ರ ಸುಮಾರಿನಲ್ಲಿ ದಿಲ್ಲಿಯ ಸೇನೆಯೊಡನೆ ಹೋರಾಡಿ ಮಡಿದ ಕಂಪಿಲಿಯ ಕುಮಾರರಾಮನೇ ಅದರ ನಾಯಕ. ಮಲತಾಯಿಯಾದ ರತ್ನಾಜಿ ಅವನನ್ನು ಮೋಹಿಸಿ, ಅವನು ಒಪ್ಪದಿರಲು ಅವನ ಮೇಲೆ ದೋಷವನ್ನು ಹೊರಿಸುತ್ತಾಳೆ. ಈ ಕಥಾಂಗ ಹೊಸದಲ್ಲ. ಅಶೋಕನ ಮಗ ಕುಣಾಲನ ವೃತ್ತಾಂತದಲ್ಲಿಯೂ ಇದೇ ಉಂಟು. ಚರಿತ್ರೆಯ ವೀರನೊಬ್ಬನಿಗೆ ಬಹುಪ್ರಾಚೀನವಾದ ಈ ಕಥಾಂಗವು ಕೂಡಿಕೊಂಡದ್ದರಿಂದ ಅವನ ರಣಶೌರ್ಯಕ್ಕೆ ಶೀಲಶೌರ್ಯವೂ ಸೇರಿ, ಸೋತು ಮಡಿದ ರಾಜಕುಮಾರನು ಜನರ ನೆನಪಿನಲ್ಲಿ ಗೆದ್ದವನಾದನು. ಸೋಲನ್ನು ಗೆಲವಾಗಿ ಮಾರ್ಪಡಿಸುವುದು ಪುನರ್ಯೋಜನೆಯ ಎರಡನೆಯ ಪ್ರಯೋಜನ. ಒಂದು ಶತಮಾನಕ್ಕೆ ಸ್ವಲ್ಪ ಮೇಲೆ, ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ, ಪಿರಿಯಾಪಟ್ಟಣವು ಮೈಸೂರಿನ ವಶವಾಗಿ ಕವಿಯ ಆ ವಂಶವೇ ಅಧಿಕಾರವನ್ನು ಕಳೆದುಕೊಂಡಿತು. ಅದರ ಕಾವ್ಯ ಉಳಿಯಿತು.

ಇದುವರೆಗಿನ ಉದಾಹರಣೆಗಳಲ್ಲಿ ಕವಿಯ ಹೆಸರುಂಟು, ಓಲೆಗರಿಯುಂಟು. ಕೃಷ್ಣರಾಜನಗರ ತಾಲ್ಲೂಕಿನಲ್ಲಿ ಕಾವೇರಿಯ ದಡದಲ್ಲಿರುವ ಕಪ್ಪಡಿಗೆ ಬಂದರೆ ಎರಡೂ ಇಲ್ಲ. ಮಂಟೇಸ್ವಾಮಿಯ ಶಿಷ್ಯರಾದ ರಾಚಪ್ಪಾಜಿ, ಚನ್ನಾಜಮ್ಮರ ಈ ಕ್ಷೇತ್ರದಲ್ಲಿ ಶಿವರಾತ್ರಿಯ ಕಾಲಕ್ಕೆ ಜಾತ್ರೆ ನಡೆಯುತ್ತದೆ. ಮಂಟೇಸ್ವಾಮಿಯ ಕಥೆಯನ್ನು ಹಾಡುವವರು ನೀಲಗಾರರು. ಇವರಲ್ಲಿ ಕೆಳಗಿನವೆಂದು ಸಮಾಜವು ಎಣಿಸಿದ ಜಾತಿಗಳಿಂದ ಬಂದವರು ಬಹುಮಂದಿ. ಮುಖ್ಯ ಗಾಯಕನು ತಂಬೂರಿಯನ್ನು ಹಿಡಿದು ಹಾಡನ್ನೂ ಮಾತನ್ನೂ ಬೆರೆಸಿ ಕಥೆಯನ್ನು ನಡೆಯಿಸಿದರೆ, ಹಿಮ್ಮೇಳದವರು ಪಲ್ಲವಿಯನ್ನು ಎತ್ತಿಕೊಡುತ್ತಾರೆ. ರಾತ್ರಿಯ ಉದ್ದ, ಕೇಳುವವರ ಅಪೇಕ್ಷೆ, ಗಾಯಕನ ಗುರುಪರಂಪರೆ ಇವುಗಳನ್ನು ಅನುಸರಿಸಿ ಕಥೆ ಹಿಗ್ಗುತ್ತದೆ, ಕುಗ್ಗುತ್ತದೆ.

ಈ ಕಾವ್ಯದ ಮೊದಲ ಭಾಗ ನಡೆಯುವುದು ಕಲ್ಯಾಣದಲ್ಲಿ. ಬಸವಣ್ಣನ ಮನೆಯಲ್ಲಿ ಜಂಗಮರು ಸುಖವಾಗಿರುವಾಗ, ಕೊಳೆತು ನಾರುವ ಮೈಯ ಭಿಕ್ಷುಕನ ವೇಷದಲ್ಲಿ ಮಂಟೇಸ್ವಾಮಿ ಬಾಗಿಲಿಗೆ ಬರುತ್ತಾನೆ, ಕಾವಲಿನವರು ತಡೆಯುತ್ತಾರೆ. ಅವನನ್ನು ಅರಿತು ಬರಮಾಡಿಕೊಳ್ಳುವವರು ಬಸವಣ್ಣನೂ ನೀಲಮ್ಮನೂ ಮಾತ್ರ. ಅಲ್ಲಮಪ್ರಭುವು ಕಲ್ಯಾಣಕ್ಕೆ ಬಂದು ಶರಣರನ್ನು ಪರೀಕ್ಷಿಸಿದ ಕಥೆಯೇ ಇದರ ಮೂಲವೆಂಬುದು ಸಾಹಿತ್ಯವನ್ನು ಬಲ್ಲವರಿಗೆ ಒಡನೆ ತಿಳಿಯುತ್ತದೆ. ಆದರೆ ಪರಿಕರಬಂಧವೆಲ್ಲ ಬೇರೆ. ರಾಜಶೇಖರನ ‘ಪರಪುರಪ್ರವೇಶ’ಕ್ಕೆ ಇದಕ್ಕಿಂತ ಯೋಗ್ಯವಾದ ಉದಾಹರಣೆ ಸಿಕ್ಕುವುದು ಕಷ್ಟ; ಇಲ್ಲಿ ನಾಯಕನು ಅಕ್ಷರಶಃ ಪರಪುರವನ್ನು ಪ್ರವೇಶಿಸಿ, ಅದರ ನಿವಾಸಿಗಳನ್ನು ಒರೆಗೆ ಹಚ್ಚುತ್ತಾನೆ.

ಈ ಕಾವ್ಯದ ಮೇಲೆ ಎರಡು ಆಕ್ಷೇಪಗಳನ್ನು ತರಬಹುದು. ಇದು ಶರಣರ ಚರಿತ್ರೆಯನ್ನು ಕೆಡಿಸಿದೆಯೆಂಬುದು ಮೊದಲನೆಯದು; ಇದರಲ್ಲಿ ಸ್ವಂತವಾದುದೇನೂ ಇಲ್ಲವೆಂಬುದು ಎರಡನೆಯದು. ಎರಡಕ್ಕೂ ಸಮಾಧಾನವು ಪಂಡಿತರೇ ಮನ್ನಿಸುವ ಗ್ರಂಥದಲ್ಲಿದೆ. ಶೂನ್ಯಸಂಪಾದನೆಯೆಂಬುದೇನು? ಹನ್ನೆರಡನೆಯ ಶತಮಾನದ ಬೇರೆ ಬೇರೆ ಶರಣರ ಬಿಡಿ ವಚನಗಳನ್ನು ಆರಿಸಿ, ಒಂದಕ್ಕೊಂದು ಉತ್ತರವಾಗುವಂತೆ ಜೋಡಿಸಿ, ನಡುವೆ ಗದ್ಯದ ಕೊಂಡಿಗಳನ್ನು ಹಾಕಿ ಸಂವಾದವನ್ನಾಗಿ ಮಾಡಿದ ಗ್ರಂಥ. ಶಿವಗಣಪ್ರಸಾದಿ ಮಹಾದೇವಯ್ಯ, ಹಲಗೆಯದೇವ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣೊಡೆಯ ಈ ನಾಲ್ವರು ಒಬ್ಬರಾದಮೇಲೊಬ್ಬರು ಅದನ್ನು ಮತ್ತೆ ಮತ್ತೆ ಕೂಡಿಸಿದರು. ಅದರಲ್ಲಿಯ ಸಂವಾದಗಳು ಕಲ್ಯಾಣದಲ್ಲಿ ಅದೇ ಕ್ರಮದಲ್ಲಿ ನಡೆದುವೆಂದು ಯಾರೂ ಸಾಧಿಸಲಾರರು. ಆದರೂ ಗ್ರಂಥದ ಮಹತ್ತ್ವವನ್ನು ಯಾರೂ ಅಲ್ಲಗಳೆಯರು. ಅನುಭಾವಿಯ ಜೋಡಣೆಗೆ ಒಪ್ಪುವ ನ್ಯಾಯವು ನೀಲಗಾರನ ಜೋಡಣೆಗೂ ಒಪ್ಪಬೇಕು. ಅವನ ಕಾವ್ಯವು ಹನ್ನೆರಡನೆಯ ಶತಮಾನದಲ್ಲಿ ಏನು ನಡೆಯಿತೆಂಬುದಕ್ಕೆ ಸಾಕ್ಷಿಯಲ್ಲ. ಸರ್ವಸಮಾನತೆಯ ಹೆಸರು ಪಡೆದ ಕಲ್ಯಾಣದ ಬಾಗಿಲು ತಮಗೆ ಎಷ್ಟು ತೆರೆದಿತ್ತೆಂದು ಬಾಗಿಲ ಹೊರಗಿನವರು ತರುವಾಯದ ಕಾಲದಲ್ಲಿ ಕೇಳಿದ ಪ್ರಶ್ನೆಗೆ ಅದು ಸಾಕ್ಷಿ. ಆ ಪ್ರಶ್ನೆಯೂ ಚರಿತ್ರೆಯೇ. ಅದು ಬೇರಾವ ಪುರಾಣದಲ್ಲಿಯೂ ಇಷ್ಟು ನೇರವಾಗಿ ದೊರೆಯುವುದಿಲ್ಲ.

ಇಲ್ಲಿಂದ ಗ್ರಂಥಸಂಪಾದನೆಯ ವಿಚಾರವೊಂದು ಏಳುತ್ತದೆ. ಹಸ್ತಪ್ರತಿಗಳಿಂದ ಶುದ್ಧಪಾಠವನ್ನು ನಿರ್ಣಯಿಸುವ ಕ್ರಮವು ಮಂಗರಸ, ನಂಜುಂಡರ ಕೃತಿಗಳಿಗೆ ಸಲ್ಲುತ್ತದೆ; ಅಲ್ಲಿ ಒಬ್ಬ ಕರ್ತೃವಿದ್ದಾನೆ, ಅವನ ಮಾತನ್ನು ಹುಡುಕುವುದು ನ್ಯಾಯ. ಬಾಯಿಂದ ಬಾಯಿಗೆ ಬಂದ ಕಾವ್ಯಕ್ಕೆ ಅದೇ ಕ್ರಮವನ್ನು ಹಚ್ಚಿ, ಒಬ್ಬ ನೀಲಗಾರನ ಪಾಠದಲ್ಲಿ ಬಿಟ್ಟುಹೋದುದನ್ನು ಮತ್ತೊಬ್ಬನ ಪಾಠದಿಂದ ತುಂಬಿ ಒಂದು ‘ಪೂರ್ಣ’ ಪಾಠವನ್ನು ಸಿದ್ಧಪಡಿಸಿದರೆ, ಯಾವ ಜಾತ್ರೆಯಲ್ಲಿಯೂ ಯಾರೂ ಹಾಡದ ಕಾವ್ಯವೊಂದು ಹುಟ್ಟುತ್ತದೆ. ಆಗ ಪುನರ್ಯೋಜಕನು ಸಂಪಾದಕನೇ. ಆದರೆ ಮುಖಪುಟದಲ್ಲಿ ಅದು ಪರಂಪರೆಯ ಪಾಠವೆಂದು ತೋರುತ್ತದೆ. ಗೂಳೂರಿನ ಒಡೆಯನು ತಾನು ಕೂಡಿಸಿದುದಕ್ಕೆ ತನ್ನ ಹೆಸರನ್ನು ಉಳಿಸಿ ಹೋದನು. ಈಗಿನ ಸಂಪಾದಕರೂ ಹಾಡಿದವನ ಹೆಸರು, ಊರು, ದಿನ, ಕೇಳಿದ ಸಂದರ್ಭ ಇವುಗಳನ್ನು ಹೇಳಿ, ಒಂದೊಂದು ಪಾಠವನ್ನೂ ಇದ್ದಂತೆಯೇ ಅಚ್ಚುಮಾಡಿ, ಭೇದಗಳನ್ನು ಅಡಿಯಲ್ಲಿ ತೋರಿಸಿದರೆ ಮಾತ್ರ ಮುಂದಿನವರಿಗೆ ವಿಚಾರಕ್ಕೆ ಅವಕಾಶ ಉಳಿಯುತ್ತದೆ.

ಯಂತ್ರದ ಪುನರ್ಯೋಜನೆಗೂ ಈ ನಿಯಮವೇ ಅನ್ವಯಿಸತಕ್ಕದ್ದು. ೧೯೫೭ರ ಭಾರತೀಯ ಕೃತಿಸ್ವಾಮ್ಯ ಅಧಿನಿಯಮವು ಹೆಸರುಳ್ಳ ಕರ್ತೃವಿನ ಹಕ್ಕನ್ನು ಕಾಪಾಡುತ್ತದೆ. ೨೦೧೨ರ ತಿದ್ದುಪಡಿಯಂತೆ, ಒಂದು ಹಾಡು ಮೊದಲು ಮುದ್ರಿತವಾದ ವರ್ಷ ಕಳೆದಮೇಲೆ ಐದು ವರ್ಷ ತುಂಬುವವರೆಗೆ ಅದನ್ನು ಶಾಸನದ ಪರವಾನಗಿಯ ಮೇಲೆ ಮತ್ತೊಬ್ಬರು ಬೇರೆ ಕಂಠದಲ್ಲಿ ಮುದ್ರಿಸುವಂತಿಲ್ಲ. ಕರ್ತೃವೇ ತಿಳಿಯದ ಪರಂಪರೆಯ ಹಾಡಿಗೆ ಇಂಥ ಬೇಲಿ ಇಲ್ಲ. ಆದುದರಿಂದ ಅದನ್ನು ತೆಗೆದುಕೊಂಡು ಹೊಸ ವಾದ್ಯಗಳಿಗೆ ಹೊಂದಿಸುವವನ ಮೇಲೆ ಇರುವುದು ಹೆಚ್ಚಾಗಿ ಧರ್ಮದ ಋಣ. ತೆಗೆದುಕೊಂಡದ್ದು ದೋಷವಲ್ಲ, ಪುನ್ನಾಟದ ಯತಿಗಳಿಂದ ಕಪ್ಪಡಿಯ ನೀಲಗಾರರವರೆಗೆ ಎಲ್ಲರೂ ತೆಗೆದುಕೊಂಡವರೇ. ಎಲ್ಲಿಂದ ತಂದುದೆಂಬುದನ್ನು ಮರೆಸಿದರೆ ಮಾತ್ರ ದೋಷ.

ಸಾಹಿತ್ಯದ ಅಧ್ಯಾಪಕರಿಗೆ ಈ ನಾಲ್ಕು ತಾಲ್ಲೂಕುಗಳ ಸಾಮಗ್ರಿ ಒಂದು ಪಾಠಕ್ರಮವನ್ನೇ ಒದಗಿಸುತ್ತದೆ. ಕರ್ಣಪಾರ್ಯನ ಚಂಪುವಿನ ಒಂದು ಸನ್ನಿವೇಶವನ್ನು ಮಂಗರಸನ ಸಾಂಗತ್ಯದ ಪಕ್ಕದಲ್ಲಿಯೂ, ಶೂನ್ಯಸಂಪಾದನೆಯ ಒಂದು ಸಂವಾದವನ್ನು ಮಂಟೇಸ್ವಾಮಿ ಕಾವ್ಯದ ಕಲ್ಯಾಣದ ಭಾಗದ ಪಕ್ಕದಲ್ಲಿಯೂ ಇಟ್ಟು ಓದಿಸಿದರೆ, ಏನು ಉಳಿಯಿತು, ಏನು ಬಿಟ್ಟುಹೋಯಿತು, ಯಾರಿಗಾಗಿ ಬದಲಾಯಿತು ಎಂಬ ಮೂರು ಪ್ರಶ್ನೆಗಳನ್ನು ವಿದ್ಯಾರ್ಥಿಗಳು ತಾವೇ ಕೇಳಿಕೊಳ್ಳುವರು. ಒಂದು ಕಾವ್ಯವು ಹೊಸದೋ ಹಳೆಯದೋ ಎಂಬ ಚರ್ಚೆಗಿಂತ ಈ ಮೂರು ಪ್ರಶ್ನೆಗಳಿಂದಲೇ ಕನ್ನಡ ಕಾವ್ಯಪರಂಪರೆಯ ನಡೆ ಚೆನ್ನಾಗಿ ಗೋಚರವಾಗುತ್ತದೆ.