‘ಮಾತ್ರೆ ತಗೊಂಡ್ರಾ?’ ಆದ್ಮೇಲೆ ಕೇಳಬೇಕಾದ ಪ್ರಶ್ನೆ

ಹೋದ ಎಪಿಸೋಡ್ ಕೇಳಿದವರೊಬ್ಬರು ವಾಯ್ಸ್ ನೋಟ್ ಕಳಿಸಿದ್ದಾರೆ. ಹೆಸರು ಬೇಡ ಅಂದ್ರು. ಎಂಟು ವರ್ಷದಿಂದ ಎಚ್‌ಐವಿ ಮಾತ್ರೆ ತಗೋತಿದ್ದಾರೆ. ಆಸ್ಪತ್ರೆಗೆ ಹೋದಾಗೆಲ್ಲ ಕೇಳೋದು ಎರಡೇ: ಮಾತ್ರೆ ಬಿಟ್ಟಿಲ್ಲ ತಾನೇ? ತೂಕ ಎಷ್ಟು? "ಮದುವೆ ಆಗಬಹುದಾ ಅಂತ ಕೇಳೋಕೆ ನಂಗೆ ಬಾಯಿ ಬರಲ್ಲ. ಅವರೂ ಆ ವಿಷಯ ಎತ್ತಲ್ಲ" ಅಂತಾರೆ.

ಈ ಮೌನಕ್ಕೊಂದು ಇತಿಹಾಸ ಇದೆ. ಇವತ್ತು ಅದೇ ಮಾತಾಡೋಣ.

1986. ಚೆನ್ನೈನಲ್ಲಿ ಡಾ. ಸುನೀತಿ ಸೊಲೊಮನ್ ಮತ್ತು ಅವರ ವಿದ್ಯಾರ್ಥಿನಿ ಸೆಲ್ಲಪ್ಪನ್ ನಿರ್ಮಲಾ, ಲೈಂಗಿಕ ಕಾರ್ಯಕರ್ತೆಯರ ರಕ್ತದ ಮಾದರಿಗಳಲ್ಲಿ ಎಚ್‌ಐವಿ ಪತ್ತೆ ಮಾಡಿದ್ರು. ಭಾರತದಲ್ಲಿ ಅದೇ ಮೊದಲು. ಆಗ ಕೈಯಲ್ಲಿ ಔಷಧಿ ಇರಲಿಲ್ಲ, ಇದ್ದದ್ದು ಎಚ್ಚರಿಕೆ ಒಂದೇ. ಹಾಗಾಗಿ ಸೆಕ್ಸ್ ಬಗ್ಗೆ ಮಾತು ಅಂದ್ರೆ ಹೆದರಿಸೋ ಮಾತು ಅಂತಾಯ್ತು.

2004ರ ಏಪ್ರಿಲ್‌ನಿಂದ ಸರ್ಕಾರ ಉಚಿತವಾಗಿ ಎಆರ್‌ಟಿ ಮಾತ್ರೆ ಕೊಡೋಕೆ ಶುರು ಮಾಡ್ತು. ಜನ ಬದುಕಿದ್ರು, ಕೆಲಸಕ್ಕೆ ಹೋದ್ರು, ಪ್ರೀತಿ ಮಾಡಿದ್ರು. ಹಳೇ ಹೆದರಿಕೆ ಮಾತ್ರ ಹಾಗೇ ಉಳೀತು.

2008ರಲ್ಲಿ ಸ್ವಿಟ್ಜರ್ಲೆಂಡಿನ ತಜ್ಞರು ಒಂದು ಹೇಳಿಕೆ ಕೊಟ್ರು: ಮಾತ್ರೆ ತಪ್ಪಿಸದೆ ತಗೊಂಡು, ಆರು ತಿಂಗಳು ರಕ್ತದಲ್ಲಿ ವೈರಸ್ ಪತ್ತೆಯಾಗದ ಮಟ್ಟದಲ್ಲಿದ್ದು, ಬೇರೆ ಲೈಂಗಿಕ ಸೋಂಕು ಇಲ್ಲದಿದ್ರೆ, ಆ ವ್ಯಕ್ತಿಯಿಂದ ಸಂಗಾತಿಗೆ ಎಚ್‌ಐವಿ ಹರಡಲ್ಲ. ದೊಡ್ಡ ಗಲಾಟೆನೇ ಆಯ್ತು. ಹೀಗೆಲ್ಲ ಬಾಯಿಬಿಟ್ಟು ಹೇಳಬಹುದಾ ಅಂತ ಬೇರೆ ದೇಶದ ವೈದ್ಯರೇ ತಕರಾರು ತೆಗೆದ್ರು.

ಆಮೇಲೆ ಪುರಾವೆ ಬಂತು. 2011ರಲ್ಲಿ ಫಲಿತಾಂಶ ಕೊಟ್ಟ ಎಚ್‌ಪಿಟಿಎನ್ 052 ಅಧ್ಯಯನದಲ್ಲಿ ನಮ್ಮ ಚೆನ್ನೈ, ಪುಣೆಯ ದಂಪತಿಗಳೂ ಇದ್ರು. ಬೇಗ ಚಿಕಿತ್ಸೆ ಶುರು ಮಾಡಿದ್ರೆ ಸಂಗಾತಿಗೆ ಹರಡೋದು 96% ಕಮ್ಮಿ ಅಂತ ಗೊತ್ತಾಯ್ತು. 2016ರಲ್ಲಿ ಯುರೋಪಿನ ‘ಪಾರ್ಟ್‌ನರ್’ ಅಧ್ಯಯನ ಬಂತು. ಒಬ್ಬರಿಗೆ ಎಚ್‌ಐವಿ ಇದ್ದು ಇನ್ನೊಬ್ಬರಿಗೆ ಇಲ್ಲದ 888 ಜೋಡಿಗಳು, ಕಾಂಡೋಮ್ ಇಲ್ಲದ ಸುಮಾರು 58,000 ಸಲದ ಸಂಪರ್ಕ. ವೈರಸ್ ಪತ್ತೆಯಾಗದ ಮಟ್ಟದಲ್ಲಿದ್ದ ಸಂಗಾತಿಯಿಂದ ಹರಡಿದ್ದು ಎಷ್ಟು? ಸೊನ್ನೆ.

ಅಂದ್ರೆ ಇನ್ನು ಮಾತಾಡೋದೇ ಬೇಡ್ವಾ? ಉಲ್ಟಾ, ಈಗಲೇ ಜಾಸ್ತಿ ಬೇಕು. ಈ ಮಾತ್ರೆ ಸಿಫಿಲಿಸ್, ಗೊನೊರಿಯಾ ತಡೆಯಲ್ಲ. ಅದಕ್ಕೆ ಕಾಂಡೋಮ್ ಬೇಕು, ಟೆಸ್ಟ್ ಬೇಕು. ಎಚ್‌ಐವಿ ಇರೋ ಹೆಣ್ಣುಮಕ್ಕಳಿಗೆ ಗರ್ಭಕಂಠದ ಕ್ಯಾನ್ಸರ್ ಬರೋ ಸಾಧ್ಯತೆ ಬೇರೆಯವರಿಗಿಂತ ಸುಮಾರು ಆರು ಪಟ್ಟು ಹೆಚ್ಚು. ಮಗು ಬೇಕಾ, ಆಸೆನೇ ಇಲ್ವಾ, ನೋವಾಗುತ್ತಾ, ಸಂಗಾತಿಗೆ ಹೇಳಿದೀರಾ... ಇದನ್ನೆಲ್ಲ ಯಾರಾದ್ರೂ ಕೇಳಿದ್ರೆ ತಾನೇ ಗೊತ್ತಾಗೋದು?

ರೋಗಿ ನಾಚಿಕೊಳ್ತಾರೆ ಅಂತ ಡಾಕ್ಟ್ರು ಸುಮ್ಮನಿರ್ತಾರೆ. ಡಾಕ್ಟ್ರು ತಪ್ಪು ತಿಳ್ಕೊಂಡ್ರೆ ಅಂತ ರೋಗಿ ಸುಮ್ಮನಿರ್ತಾರೆ. "ಇದು ನಾನು ಎಲ್ಲರನ್ನೂ ಕೇಳೋ ಪ್ರಶ್ನೆ" ಅಂತ ಡಾಕ್ಟ್ರು ಶುರು ಮಾಡಿದ್ರೆ ಅರ್ಧ ಭಾರ ಇಳಿಯುತ್ತೆ.

ವಾಯ್ಸ್ ನೋಟ್ ಕಳಿಸಿದ ಗೆಳೆಯ, ನೀವು ಮದುವೆ ಆಗಬಹುದು. ಮದುವೆಯಾಗೋರಿಗೆ ವಿಷಯ ಮೊದಲೇ ಗೊತ್ತಿರಲಿ. ಹೇಗೆ ಹೇಳೋದು ಅಂತ ತೋಚದಿದ್ರೆ ಕೌನ್ಸೆಲರ್ ಜೊತೆ ಕೂತು ಮಾತಾಡಿ. ಮುಂದಿನ ಸಲ ಹೋದಾಗ ಮೊದಲು ಒಂದೇ ಮಾತು ಕೇಳಿ: "ನನ್ನ ವೈರಲ್ ಲೋಡ್ ಎಷ್ಟಿದೆ?" ಮಿಕ್ಕಿದ ಮಾತು ಅಲ್ಲಿಂದಲೇ ಶುರುವಾಗುತ್ತೆ.

ಮುಂದಿನ ವಾರ ಸಿಗೋಣ.